ನೂರು ವರ್ಷದ ನಂತರದ ಒಂದು ಕೋಟಿಗೆ ಇವತ್ತು 725 ರೂಪಾಯಿ

ಮೊದಲೇ ಹೇಳಿಬಿಡ್ತೀನಿ, ನಮ್ಮೂರು ಎಂ.ಕೆ. ಹುಬ್ಬಳ್ಳಿ. ಎಲ್ಲರಿಗೂ ಗೊತ್ತಿರುವ ಆ ದೊಡ್ಡ ಹುಬ್ಬಳ್ಳಿ ಅಲ್ಲ. ಹಾಸ್ಟೆಲ್‌ನಲ್ಲಿ ಇದನ್ನ ಎಷ್ಟು ಸಲ ಹೇಳಿದ್ದೀನೋ ಲೆಕ್ಕವಿಲ್ಲ. ಬೆಳಗಾವಿಯಿಂದ ಧಾರವಾಡದ ಕಡೆ ಹೈವೇಯಲ್ಲಿ ಬರುವಾಗ ಕಿತ್ತೂರಿಗಿಂತ ಮೊದಲು ಮಲಪ್ರಭಾ ನದಿ ಸಿಗುತ್ತದಲ್ಲ, ಅಲ್ಲಿದೆ. ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯಮಂಟಪ ಇರುವುದು ನಮ್ಮೂರ ನದಿಯಲ್ಲೇ.

ಈ ನದಿಯನ್ನ ಇಟ್ಟುಕೊಂಡು ಒಂದು ಪ್ರಶ್ನೆ ಕೇಳಬೇಕು. ಇನ್ನೂ ಹುಟ್ಟದೇ ಇರುವವರಿಗೆ ನಾವು ಏನಾದರೂ ಬಾಕಿ ಇದ್ದೀವಾ? ಪರಿಸರ ದಿನದ ಭಾಷಣದಲ್ಲಿ ಎಲ್ಲರೂ "ಹೌದು" ಅಂತಾರೆ. ಆದರೆ ನಾವು ಕಲಿಯುವ ಎಂಜಿನಿಯರಿಂಗ್ ಎಕನಾಮಿಕ್ಸ್ "ಬಹಳ ಏನಿಲ್ಲ" ಅನ್ನುತ್ತದೆ. ಅದು ಹೇಗೆ ಅಂತ ನೋಡೋಣ.

ಪ್ರೆಸೆಂಟ್ ವರ್ತ್ ಫಾರ್ಮುಲಾ ಎಲ್ಲರಿಗೂ ನೆನಪಿರಬೇಕು. ಮುಂದೆ ಬರುವ ದುಡ್ಡನ್ನ ಡಿಸ್ಕೌಂಟ್ ರೇಟ್ ಹಾಕಿ ಇವತ್ತಿನ ಬೆಲೆಗೆ ಇಳಿಸುತ್ತೀವಿ. ರೇಟ್ 10 ಪರ್ಸೆಂಟ್ ಇಟ್ಟುಕೊಳ್ಳಿ. 50 ವರ್ಷದ ನಂತರ ಆಗುವ ಒಂದು ಕೋಟಿ ರೂಪಾಯಿ ನಷ್ಟದ ಇವತ್ತಿನ ಬೆಲೆ ಸುಮಾರು 85 ಸಾವಿರ. 100 ವರ್ಷದ ನಂತರದ ಒಂದು ಕೋಟಿಗೆ ಬರೀ 725 ರೂಪಾಯಿ. ಕ್ಯಾಲ್ಕುಲೇಟರ್ ತೆಗೆದು ಚೆಕ್ ಮಾಡಿ. ಅಂದರೆ ನೂರು ವರ್ಷದ ನಂತರ ಒಂದು ಊರಿಗೆ ಕೋಟಿ ರೂಪಾಯಿ ಹಾನಿ ಆಗುತ್ತದೆ ಅಂತ ಗೊತ್ತಿದ್ದರೂ, ಅದನ್ನ ತಪ್ಪಿಸಲು ಇವತ್ತು ಸಾವಿರ ರೂಪಾಯಿ ಖರ್ಚು ಮಾಡುವುದು ಈ ಲೆಕ್ಕದ ಪ್ರಕಾರ ದಂಡ.

ಅದೇ ಲೆಕ್ಕವನ್ನ 1.4 ಪರ್ಸೆಂಟ್‌ನಲ್ಲಿ ಮಾಡಿದರೆ 725 ಅಲ್ಲ, ಸುಮಾರು 25 ಲಕ್ಷ ಬರುತ್ತದೆ. 2006ರಲ್ಲಿ ಬ್ರಿಟನ್ನಿನ ನಿಕೋಲಸ್ ಸ್ಟರ್ನ್ ಹವಾಮಾನ ಬದಲಾವಣೆಯ ಬಗ್ಗೆ ವರದಿ ಕೊಟ್ಟಾಗ ಹೆಚ್ಚುಕಡಿಮೆ ಇಷ್ಟೇ ರೇಟ್ ಬಳಸಿದ್ದರು. ಅದಕ್ಕೇ ಅರ್ಥಶಾಸ್ತ್ರಜ್ಞರ ನಡುವೆ ದೊಡ್ಡ ಜಗಳ ಆಯ್ತು. ಭವಿಷ್ಯ ಅದೇ, ನಷ್ಟ ಅದೇ, ಒಂದು ನಂಬರ್ ಬದಲಾದರೆ 725 ಹೋಗಿ 25 ಲಕ್ಷ. ಇದು ಮ್ಯಾಥ್ಸ್ ಅಲ್ಲ, ನೀತಿಯ ಪ್ರಶ್ನೆ ಮ್ಯಾಥ್ಸ್ ವೇಷದಲ್ಲಿ ಕೂತಿದೆ.

ಡಿಸ್ಕೌಂಟ್ ಮಾಡುವುದೇ ತಪ್ಪು ಅಂತ ನಾನು ಹೇಳ್ತಿಲ್ಲ. ದುಡ್ಡು ಬ್ಯಾಂಕಿನಲ್ಲಿ ಬೆಳೆಯುತ್ತದೆ, ಆದ್ದರಿಂದ ಇವತ್ತಿನ ನೂರಕ್ಕೂ ಮುಂದಿನ ವರ್ಷದ ನೂರಕ್ಕೂ ವ್ಯತ್ಯಾಸ ಇದೆ. ಸರಿ. ಆದರೆ ಒಬ್ಬ ಮನುಷ್ಯ 2100ರಲ್ಲಿ ಹುಟ್ಟುತ್ತಾನೆ ಅನ್ನುವ ಒಂದೇ ಕಾರಣಕ್ಕೆ ಅವನ ಬಾಯಾರಿಕೆ ಕಡಿಮೆ ಆಗುತ್ತಾ? ಫ್ರಾಂಕ್ ರಾಮ್ಸೆ ಅನ್ನುವ ಗಣಿತಜ್ಞ 1928ರಲ್ಲೇ, ಹೀಗೆ ಮುಂದಿನವರ ಸುಖವನ್ನ ಕಡಿಮೆ ತೂಗುವುದು ನೀತಿಯಲ್ಲಿ ನಿಲ್ಲುವ ಮಾತಲ್ಲ, ನಮ್ಮ ಕಲ್ಪನೆ ಸಾಲದೇ ಹೀಗೆ ಮಾಡ್ತೀವಿ ಅಂತ ಬರೆದಿದ್ದ. ಆಗ ಅವನಿಗೆ 25 ವರ್ಷ. (ನಮ್ಮ ಕೆಲವು ಸೀನಿಯರ್‌ಗಳ ವಯಸ್ಸು. ಇರಲಿ.)

ಈಗ ನದಿಗೆ ಬರೋಣ. ಮಲಪ್ರಭಾ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ನಮ್ಮೂರು ದಾಟಿ, ಸವದತ್ತಿ ತಾಲೂಕಿನ ನವಿಲುತೀರ್ಥ ಡ್ಯಾಮಿಗೆ ಸೇರುತ್ತದೆ. ಅಲ್ಲಿಂದ ರಾಮದುರ್ಗದ ಮೇಲೆ ಹಾದು ಕೂಡಲಸಂಗಮದಲ್ಲಿ ಕೃಷ್ಣೆಗೆ ಕೂಡುತ್ತದೆ. ಡ್ಯಾಮಿನ ಸಾಮರ್ಥ್ಯ 37.73 ಟಿಎಂಸಿ. ಅದು ಪೂರ್ತಿ ತುಂಬಿದ ವರ್ಷಗಳು ಕಡಿಮೆ. ಹುಬ್ಬಳ್ಳಿ-ಧಾರವಾಡದ ಕುಡಿಯುವ ನೀರೂ ಅಲ್ಲಿಂದಲೇ ಹೋಗಬೇಕು.

ಡ್ಯಾಮಿನ ಮೇಲ್ಭಾಗದಲ್ಲಿ ಇರುವವರು ನಾವು. ನಮ್ಮಲ್ಲಿ ಕಬ್ಬು ಜಾಸ್ತಿ, ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ ಇರುವುದೂ ಎಂ.ಕೆ. ಹುಬ್ಬಳ್ಳಿಯಲ್ಲೇ. ಕಬ್ಬಿಗೆ ಒಂದು ಬೆಳೆಗೆ 1500ರಿಂದ 2500 ಮಿಲಿಮೀಟರ್ ನೀರು ಬೇಕು, ಜೋಳಕ್ಕೆ ಸುಮಾರು 500 ಸಾಕು. ಎಕರೆ ಲೆಕ್ಕದಲ್ಲಿ 2000 ಮಿಲಿಮೀಟರ್ ಅಂದರೆ 80 ಲಕ್ಷ ಲೀಟರ್. ಜೋಳಕ್ಕೆ 20 ಲಕ್ಷ. ಸ್ವಲ್ಪ ಮಳೆಯಿಂದ ಬರುತ್ತದೆ, ಉಳಿದದ್ದು ಪಂಪ್‌ಸೆಟ್ಟಿನಿಂದ. ರಜೆಯಲ್ಲಿ ಊರಿಗೆ ಹೋದಾಗ ಇದನ್ನ ಕಾಕಾನ ಮುಂದೆ ಹೇಳಿದೆ. "ಜ್ವಾಳಕ್ಕ ರೇಟ್ ಯಾರ ಕೊಡ್ತಾರ? ಕಬ್ಬಿಗೆ ಸರ್ಕಾರ ರೇಟ್ ಕಟ್ಟೇತಿ. ನೀ ಬೇಕಾದ್ರ ಜ್ವಾಳ ಬೆಳಿ, ಸೊಸೈಟಿ ಸಾಲಾನೂ ನೀನ ತೀರ್ಸು" ಅಂದರು. ಕಾಕಾ ಹೇಳಿದ್ದು ಸುಳ್ಳಲ್ಲ. ರೈತ ಕೆಟ್ಟವನಾಗಿ ಕಬ್ಬು ಬೆಳೆಯುವುದಿಲ್ಲ, ಬೆಲೆ ಖಾತ್ರಿ ಇರುವುದು ಅದಕ್ಕೆ ಅಂತ ಬೆಳೆಯುತ್ತಾನೆ.

ಆದರೆ ನೀರು ಮೇಲೆ ಮುಗಿದರೆ ಕೆಳಗೆ ಸಿಗಲ್ಲ. ಕೆಳಗಿನವರು ಸುಮ್ಮನೆ ಕೂರಲಿಲ್ಲ ಅನ್ನುವುದು ನಮ್ಮ ಭಾಗದ ಚರಿತ್ರೆ. ಕಾಲುವೆಯ ನೀರು ಸರಿಯಾಗಿ ಬರದೇ ಇದ್ದರೂ ಕರ ಕಟ್ಟಬೇಕು ಅಂದಾಗ ನವಲಗುಂದ, ನರಗುಂದದ ರೈತರು ಎದ್ದರು. 1980ರ ಜುಲೈ 21ರಂದು ಗೋಲಿಬಾರ್ ಆಯ್ತು. 2015ರಲ್ಲಿ ಮತ್ತೆ ಅದೇ ನರಗುಂದದಲ್ಲಿ ಮಹದಾಯಿ ನೀರಿಗಾಗಿ ಧರಣಿ ಶುರುವಾಯ್ತು. 2018ರ ಟ್ರಿಬ್ಯುನಲ್ ತೀರ್ಪಿನಲ್ಲಿ ಕಳಸಾ-ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಲು ಸಿಕ್ಕಿದ್ದು 3.9 ಟಿಎಂಸಿ, ಡ್ಯಾಮಿನ ಹತ್ತನೇ ಒಂದು ಭಾಗ. ಅದು ಬರಲಿ. ಆದರೆ ಬಳಕೆ ಹೀಗೇ ಇದ್ದರೆ ಅದೂ ಎಷ್ಟು ದಿನ?

ನನ್ನ ತಲೆ ತಿನ್ನುವುದು ಇದು. ಕೆಳಗಿನ ಊರಿನವರು ರಸ್ತೆ ತಡೆಯಬಹುದು, ಟ್ರಿಬ್ಯುನಲ್‌ಗೆ ಹೋಗಬಹುದು. ಮುಂದಿನ ತಲೆಮಾರು ಕೂಡ ನದಿಯ ಕೆಳಗಿನ ಊರಿದ್ದಂತೆಯೇ, ನಾವು ಬಿಟ್ಟಿದ್ದೇ ಅವರಿಗೆ. ಆದರೆ ಅವರು ಯಾವ ರಸ್ತೆ ತಡೆಯುತ್ತಾರೆ? ಫಿಲಿಪೈನ್ಸ್‌ನಲ್ಲಿ ಒಂದಷ್ಟು ಮಕ್ಕಳು ಕಾಡು ಕಡಿಯುವುದರ ವಿರುದ್ಧ ತಮ್ಮ ಪರವಾಗಿ ಮಾತ್ರ ಅಲ್ಲ, ಇನ್ನೂ ಹುಟ್ಟದವರ ಪರವಾಗಿಯೂ ಕೇಸ್ ಹಾಕಿದರು. 1993ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನ ಒಪ್ಪಿತು. ಅಂಥದ್ದು ಅಪರೂಪ.

ಹೂಳಿನ ವಿಷಯ ಇನ್ನೂ ನೇರ. ಪಕ್ಕದ ತುಂಗಭದ್ರಾ ಡ್ಯಾಮ್ ನೋಡಿ. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಈಗ ಸುಮಾರು 105.8. ನಮ್ಮ ಅಜ್ಜಂದಿರ ಕಾಲದಲ್ಲಿ ಕಟ್ಟಿದ್ದು, ನಮ್ಮ ಕಾಲಕ್ಕೆ ಐದನೇ ಒಂದು ಭಾಗ ಮಣ್ಣು. ಡ್ಯಾಮಿಗೆ ಹೂಳು ಬರುತ್ತದೆ ಅಂತ ಡಿಸೈನ್ ಮಾಡುವವರಿಗೆ ಗೊತ್ತು, ಅದಕ್ಕಾಗಿ ತಳದಲ್ಲಿ ಜಾಗವನ್ನೂ ಬಿಡುತ್ತಾರೆ. ಆ ಜಾಗ ತುಂಬಿದ ಮೇಲೆ ಏನು ಅನ್ನುವುದು ಮುಂದಿನವರ ತಲೆನೋವು, ಲೆಕ್ಕದಲ್ಲಿ ಅದಕ್ಕೆ 725 ರೂಪಾಯಿ.

ಹಳೇ ಕಾಲದಲ್ಲಿ ಇದನ್ನ ಬೇರೆ ತರಹ ಮಾಡುತ್ತಿದ್ದರು ಅಂತ ಓದಿದಾಗ ಖುಷಿ ಆಯ್ತು. ಕರ್ನಾಟಕದ ಶಾಸನಗಳಲ್ಲಿ ಬಿತ್ತುವಟ್ಟ ಅಂತ ಒಂದು ಪದ ಬರುತ್ತದೆ. ಕೆರೆ ಕಟ್ಟಿದಾಗ, ಇದ್ದ ಕೆರೆಯನ್ನ ನೋಡಿಕೊಳ್ಳುವಾಗ ಅದಕ್ಕಾಗಿ ಕೊಡುತ್ತಿದ್ದ ಜಮೀನು ಅದು. ನಮ್ಮ ಭಾಷೆಯಲ್ಲಿ ಮೆಂಟೆನೆನ್ಸ್ ಫಂಡ್. ಕೆರೆ ಇರುವವರೆಗೆ ಜಮೀನೂ ಇರಲಿ, ಅದರ ಹುಟ್ಟುವಳಿಯಿಂದ ಏರಿ ರಿಪೇರಿ ಆಗಲಿ ಅನ್ನುವ ಲೆಕ್ಕಾಚಾರ. ದಾನ ಶಾಸನದ ಕೊನೆಗೆ ಶಾಪ ಬೇರೆ: ಈ ದಾನ ಕೆಡಿಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟಲಿ ಅಂತ. ಶಾಪ ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು. ನನಗೆ ಇಷ್ಟವಾಗಿದ್ದು ಆ ಟೈಮ್ ಸ್ಕೇಲ್. ನಾವು 50 ವರ್ಷಕ್ಕೆ ಸ್ಪ್ರೆಡ್‌ಶೀಟ್ ಮುಗಿಸುತ್ತೀವಿ. ಅವರು ಮುಂದೆ ಬರುವ, ಹೆಸರೂ ಗೊತ್ತಿಲ್ಲದ ರಾಜನ ಜೊತೆ ಮಾತಾಡುತ್ತಿದ್ದರು. ಆ ಕಾಲದಲ್ಲಿ ಎಲ್ಲರಿಗೂ ನ್ಯಾಯ ಇತ್ತು ಅಂತಲ್ಲ, ಕೆರೆ ನೀರು ಯಾರು ಮುಟ್ಟಬೇಕು ಯಾರು ಮುಟ್ಟಬಾರದು ಅನ್ನುವ ಕಥೆ ಬೇರೆಯೇ ಇದೆ.

ಈ ಸೆಮಿಸ್ಟರ್ ಮಿನಿ ಪ್ರಾಜೆಕ್ಟ್‌ಗೆ ನಮ್ಮ ಟೀಮ್ ಹಳ್ಳಕ್ಕೆ ಒಂದು ಚೆಕ್ ಡ್ಯಾಮ್ ಡಿಸೈನ್ ಮಾಡ್ತಿದೆ. ಎಸ್ಟಿಮೇಟ್‌ನಲ್ಲಿ ಎರಡು ಸಾಲು ಸೇರಿಸಿದ್ದೀವಿ: ಐದು ವರ್ಷಕ್ಕೊಮ್ಮೆ ಹೂಳು ತೆಗೆಯುವ ಖರ್ಚು, ಅದಕ್ಕೆ ದುಡ್ಡು ಎಲ್ಲಿಂದ ಅನ್ನುವುದು. ಲಾಭ-ಖರ್ಚಿನ ರೇಶಿಯೋ ಇಳಿಯಿತು, ಆದರೂ ಒಂದಕ್ಕಿಂತ ಮೇಲೇ ಇದೆ. ಗೈಡ್ ಸರ್ ರೇಟ್ ಎಷ್ಟು ಹಾಕಿದ್ದೀರಿ ಅಂತ ಕೇಳಿದರು. 10ರಲ್ಲೂ ಮಾಡಿದ್ದೀವಿ ಸರ್, 1.4ರಲ್ಲೂ ಮಾಡಿದ್ದೀವಿ ಅಂದೆವು. ಎರಡನ್ನೂ ಪಕ್ಕಪಕ್ಕ ಪ್ರಿಂಟ್ ಹಾಕಿ ತನ್ನಿ ಅಂದಿದ್ದಾರೆ.