ಪೋಷಕರ ಕಾಲಮ್ಮಿನಲ್ಲಿ ಹೋಟೆಲಿನ ಮೊಹರು

ಮುಂಬೈಯ ಫೋರ್ಟಿನಲ್ಲಿ ಸಂಜೆ ಆರು ಗಂಟೆಯೆಂದರೆ ಹೋಟೆಲಿನವರಿಗೆ ಪುರಸೊತ್ತೇ ಇಲ್ಲದ ಹೊತ್ತು. ಆಫೀಸುಗಳು ಬಿಟ್ಟಿರುತ್ತವೆ. ವಿ.ಟಿ.ಗೋ ಚರ್ಚ್‌ಗೇಟಿಗೋ ಓಡುವ ಜನಕ್ಕೆ ಲೋಕಲ್ ಹಿಡಿಯುವ ಮೊದಲು ಒಂದು ಚಹಾ, ಒಂದು ಪ್ಲೇಟ್ ಇಡ್ಲಿ ಬೇಕು. ಅದೇ ಹೊತ್ತಿಗೆ ಟೇಬಲ್ ಒರೆಸುವ ಮಾಣಿ ಕೈ ತೊಳೆದು, ಅಂಗಿ ಬದಲಿಸಿ, ಅಟ್ಟದ ಮೇಲಿನ ಟ್ರಂಕಿನಿಂದ ಎರಡು ಪುಸ್ತಕ ಎತ್ತಿಕೊಂಡು ‘ಶಾಲೆಗೆ ಹೋಗಿ ಬರ್ತೇನೆ’ ಎಂದರೆ ಗಲ್ಲಾದಲ್ಲಿ ಕೂತ ಧಣಿಗೆ ಏನನ್ನಿಸಬೇಡ? ಆದರೂ ಕಳಿಸುತ್ತಿದ್ದರು. ಎಲ್ಲ ಧಣಿಗಳೂ ಅಲ್ಲ. ಕಳಿಸುವವರು ಸಾಕಷ್ಟು ಮಂದಿ ಇದ್ದುದರಿಂದಲೇ ಮುಂಬೈಯ ಕನ್ನಡ ರಾತ್ರಿ ಶಾಲೆಗಳು ದಶಕಗಟ್ಟಲೆ ನಡೆದವು.

ಕರಾವಳಿಯಿಂದ ಬೊಂಬಾಯಿಗೆ ಹೋಗಿ ಹೋಟೆಲ್ ಸೇರಿದವರ ಕಥೆ ಕನ್ನಡಿಗರಿಗೆ ಹೊಸದಲ್ಲ. ಕಾರ್ಕಳದ ಕಡೆಯಿಂದ ಹುಡುಗನಾಗಿ ಬಂದು ಅಡುಗೆಮನೆಯಲ್ಲಿ ದುಡಿದ ರಾಮನಾಯಕರು 1942ರಲ್ಲಿ ಮಾಟುಂಗ ಸ್ಟೇಷನ್ ಪಕ್ಕದಲ್ಲಿ ತೆರೆದ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್ ಇವತ್ತಿಗೂ ಬಾಳೆಎಲೆ ಹಾಕುತ್ತಿದೆ. ಗೆದ್ದವರ ಹೆಸರು ಬೋರ್ಡಿನ ಮೇಲೆ ಉಳಿಯುತ್ತದೆ. ಲೋಟ ತೊಳೆಯುತ್ತಲೇ ಮೆಟ್ರಿಕ್ ಪಾಸಾಗಿ ಬ್ಯಾಂಕಿಗೋ ಎಲ್ಐಸಿಗೋ ಕೋರ್ಟಿಗೋ ಸೇರಿ, ಆಮೇಲೆ ಮುಲುಂಡಿನಲ್ಲೋ ಡೊಂಬಿವಲಿಯಲ್ಲೋ ಸಣ್ಣ ಫ್ಲ್ಯಾಟು ಕೊಂಡು ಮಕ್ಕಳನ್ನು ಇಂಜಿನಿಯರ್ ಮಾಡಿದವರ ಹೆಸರು ಎಲ್ಲೂ ಇಲ್ಲ. ಅವರ ಹೆಸರಿರುವುದು ರಾತ್ರಿ ಶಾಲೆಗಳ ಪ್ರವೇಶ ರಿಜಿಸ್ಟರುಗಳಲ್ಲಿ ಮಾತ್ರ. ಅಂಥ ಒಂದು ರಿಜಿಸ್ಟರಿನ ಮಾತು ಕೇಳಿಯೇ ನಾನು ಮಾಟುಂಗದ ಹಿರಿಯರೊಬ್ಬರನ್ನು ಹುಡುಕಿಕೊಂಡು ಹೋದದ್ದು.

ಅವರಿಗೆ ಈಗ ಎಂಬತ್ತೈದರ ಆಸುಪಾಸು. ‘ನನ್ನ ಹೆಸರು ಹಾಕ್ಬೇಡಿ ಮಾರಾಯ್ರೆ, ನಾನೊಬ್ಬನೇ ಏನು ಓದಿದ್ದು?’ ಎಂದರು. ಊರು ಕಾಪುವಿನ ಹತ್ತಿರ. ಐದನೇ ಕ್ಲಾಸು ಮುಗಿಸಿ, ಸೋದರಮಾವನ ಜೊತೆ ಹಡಗು ಹತ್ತಿ, ಭಾವುಚ ಧಕ್ಕೆಯಲ್ಲಿ ಇಳಿದದ್ದು 1952ರಲ್ಲಿ. ಮಾವ ಇವರನ್ನು ಪರಿಚಯದ ಹೋಟೆಲೊಂದರಲ್ಲಿ ಬಿಟ್ಟು, ಕೆಲಸ ಹುಡುಕಿಕೊಂಡು ಅಹಮದಾಬಾದಿಗೆ ಹೊರಟುಹೋದರು. ಮಂಗಳೂರಿನಿಂದ 1949ರಲ್ಲಿ ಬಂದ ಜಾರ್ಜ್ ಫರ್ನಾಂಡಿಸ್ ಚೌಪಾಟಿಯ ಬೆಂಚಿನ ಮೇಲೆ ಮಲಗುತ್ತಿದ್ದ ಕಥೆ ಹೇಳಿ, ‘ನಮಗೆ ಆ ಕಷ್ಟ ಇರ್ಲಿಲ್ಲ. ಗಿರಾಕಿ ಊಟ ಮಾಡಿದ ಟೇಬಲನ್ನೇ ಜೋಡಿಸಿ ಮಲಗುವುದು’ ಎಂದು ನಕ್ಕರು.

ಮರುವರ್ಷ ಜೂನಿನಲ್ಲಿ ರಾತ್ರಿ ಶಾಲೆಯ ಮಾಸ್ಟ್ರೊಬ್ಬರು ಹೋಟೆಲಿಗೆ ಬಂದರು. ಚಹಾಕ್ಕೆ ಬಂದದ್ದಲ್ಲ, ಮಕ್ಕಳನ್ನು ಕೇಳಲು ಬಂದದ್ದು. ಶಾಲೆ ತೆರೆಯುವ ಹೊತ್ತಿಗೆ ಮಾಸ್ಟ್ರುಗಳು ಬೀದಿ ಹಂಚಿಕೊಂಡು ಹೋಟೆಲ್ ಹೋಟೆಲಿಗೆ ತಿರುಗುತ್ತಿದ್ದರು. ಮಧ್ಯಾಹ್ನ ಮೂರರ ನಂತರ, ಊಟದ ಗದ್ದಲ ಮುಗಿದು ತಿಂಡಿಯ ಗದ್ದಲ ಶುರುವಾಗದ ಹೊತ್ತು ನೋಡಿ ಬರುವುದು. ಧಣಿಯ ಎದುರು ಕೂತು ಊರಿನ ಸುದ್ದಿ, ಮಳೆ, ಬೆಳೆ, ಯಾರ ಮದುವೆ ಎಲ್ಲ ಮಾತಾಡಿ ಕೊನೆಗೆ ‘ನಿಮ್ಮಲ್ಲಿ ಎಷ್ಟು ಮಂದಿ ಮಾಣಿಗಳಿದ್ದಾರೆ?’ ಎಂದು ಕೇಳುವುದು. ಆ ದಿನ ಧಣಿ ಕೊಟ್ಟದ್ದು ಇಬ್ಬರನ್ನು. ಮೂರನೆಯವನಿಗೆ ಓದು ಬೇಡವಾಗಿತ್ತು. ‘ಅವನೇ ಆಮೇಲೆ ಘಾಟ್ಕೋಪರಿನಲ್ಲಿ ಹೋಟೆಲ್ ಮಾಡಿದ’ ಎಂದೂ ಹಿರಿಯರು ಸೇರಿಸಿದರು.

ಪ್ರವೇಶ ಪತ್ರದಲ್ಲಿ ಪೋಷಕರ ಸಹಿ ಎಂಬ ಕಾಲಮ್ಮು ಇತ್ತು. ಅಪ್ಪ ಊರಲ್ಲಿ. ಅಳಿಯಕಟ್ಟಿನ ಮನೆಯಲ್ಲಿ ಅಪ್ಪನಿಗಿಂತ ಮಾವನೇ ದೊಡ್ಡವನು, ಆ ಮಾವ ಅಹಮದಾಬಾದಿನಲ್ಲಿ. ಹುಡುಗ ಪತ್ರವನ್ನು ಧಣಿಯ ಮುಂದೆ ಹಿಡಿದ. ಧಣಿ ಬೇರೆ ಜಾತಿಯವರು, ಹುಡುಗನಿಗೆ ಯಾವ ರೀತಿಯಲ್ಲೂ ಸಂಬಂಧಿಕರಲ್ಲ. ಅವರೊಮ್ಮೆ ಪತ್ರ ನೋಡಿದರು, ಹುಡುಗನನ್ನು ನೋಡಿದರು, ಸಹಿ ಹಾಕಿದರು. ಸಹಿಯ ಮೇಲೆ, ಬಿಲ್ಲಿಗೆ ಒತ್ತುವ ಹೋಟೆಲಿನ ರಬ್ಬರ್ ಮೊಹರನ್ನು ನೇರಳೆ ಶಾಯಿಗೆ ಅದ್ದಿ ಒತ್ತಿದರು. ಮುಖ್ಯೋಪಾಧ್ಯಾಯರು ಅದನ್ನು ನೋಡಿ ಏನೂ ಕೇಳದೆ ತೆಗೆದುಕೊಂಡರು.

ಯಾಕೆ ಕೇಳಲಿಲ್ಲ ಎಂಬುದು ಹುಡುಗನಿಗೆ ಗೊತ್ತಾದದ್ದು ಎರಡು ವರ್ಷದ ಮೇಲೆ. ಅಕ್ಷರ ದುಂಡಗಿದ್ದವೆಂದು, ಹಳೆಯ ರಿಜಿಸ್ಟರನ್ನು ಹೊಸದಕ್ಕೆ ನಕಲು ಮಾಡುವ ಕೆಲಸ ಅವರಿಗೆ ಬಂತು. ಪತ್ರಗಳನ್ನು ಪಕ್ಕದಲ್ಲಿಟ್ಟುಕೊಂಡು ಬರೆಯುತ್ತ ಹೋದರೆ ಪೋಷಕರ ಜಾಗದಲ್ಲಿ ಸಾಲಾಗಿ ನೇರಳೆ ಮೊಹರುಗಳು. ಲಂಚ್ ಹೋಮು, ಭುವನ, ವಿಲಾಸ, ಬೋರ್ಡಿಂಗು. ಒಂದೇ ಹೋಟೆಲಿನ ಮೊಹರು ಐದಾರು ಕಡೆ. ಒಂದು ಕಡೆ ಸಹಿಯ ಬದಲು ಧಣಿಯ ಹೆಬ್ಬೆಟ್ಟು. ತನಗೆ ಅಕ್ಷರ ಬಾರದವನು ಇನ್ನೊಬ್ಬರ ಮಗನ ಓದಿಗೆ ಹೆಬ್ಬೆಟ್ಟು ಒತ್ತಿದ್ದ ಆ ಪುಟ ಈಗಲೂ ಕಣ್ಣಿಗೆ ಕಟ್ಟಿದಂತಿದೆ ಎನ್ನುತ್ತಾರೆ. ‘ಅದೊಂದು ಪುಟ ನೋಡಿದ್ರೆ ಬೊಂಬಾಯಿ ಅಂದ್ರೆ ಏನೂಂತ ಗೊತ್ತಾಗ್ತಿತ್ತು ನಿಮ್ಗೆ.’

ರಾತ್ರಿ ಶಾಲೆಯ ಕಲ್ಪನೆ ಹಳೆಯದು. ಜೋತಿಬಾ ಫುಲೆ, ಸಾವಿತ್ರಿಬಾಯಿ ದಂಪತಿ ಕೂಲಿಕಾರರಿಗೂ ರೈತರಿಗೂ ಪುಣೆಯಲ್ಲಿ 1855ರಲ್ಲೇ ಅಂಥ ಶಾಲೆ ನಡೆಸಿದ್ದರು. ಮುಂಬೈ ಕನ್ನಡಿಗರಲ್ಲಿ ಈ ಕೆಲಸಕ್ಕೆ ಮೊದಲಿಗೆ ಕೈಹಾಕಿದವರಲ್ಲಿ 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯವರಿದ್ದಾರೆ. ಬಿಲ್ಲವರ ಅಸೋಸಿಯೇಶನ್ ಗುರುನಾರಾಯಣರ ಹೆಸರಿನಲ್ಲಿ ರಾತ್ರಿ ಶಾಲೆ ಕಟ್ಟಿತು. ಇನ್ನೂ ಹಲವು ಸಂಘಗಳು ಈ ದಾರಿ ಹಿಡಿದವು. ಇವು ಜಾತಿ ಸಂಘಗಳೆಂದು ಮೂಗು ಮುರಿಯುವವರಿದ್ದಾರೆ. ಆದರೆ ಹಿರಿಯರು ಕೂತ ಬೆಂಚಿನಲ್ಲಿ ಒಬ್ಬ ಮೊಗವೀರ, ಒಬ್ಬ ಬಿಲ್ಲವ, ಕುಂದಾಪುರದ ಕಡೆಯ ಒಬ್ಬ ಬ್ರಾಹ್ಮಣರ ಮಾಣಿ. ಬೆಂಚು ಕೊಟ್ಟ ಸಂಘ ಯಾವ ಜಾತಿಯದೆಂದು ಆ ಮೂವರಲ್ಲಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಬೆಂಚು ಎಂದೆ. ಅದೂ ಸಂಘದ್ದಲ್ಲ. ಅವರ ತರಗತಿ ನಡೆಯುತ್ತಿದ್ದುದು ಹಗಲು ಸಣ್ಣ ಮಕ್ಕಳು ಕೂರುವ ಶಾಲೆಯ ಕೋಣೆಯಲ್ಲಿ. ಒಂದನೇ ಕ್ಲಾಸಿನ ಮಕ್ಕಳ ಬೆಂಚಿಗೆ ಹದಿನೆಂಟು ಇಪ್ಪತ್ತು ವರ್ಷದವರು ಮೊಣಕಾಲು ಮಡಚಿ ಕೂರಬೇಕು. ಕರಿಹಲಗೆಯಲ್ಲಿ ಹಗಲಿನ ಗುಜರಾತಿ ಪಾಠ ಹಾಗೇ ಇರುತ್ತಿತ್ತು. ಅಳಿಸಬಾರದೆಂದು ಅಲ್ಲಿನ ಟೀಚರು ಸುತ್ತ ಗೆರೆ ಎಳೆದಿಟ್ಟಿದ್ದರೆ ಮಾಸ್ಟ್ರು ಉಳಿದ ಮೂಲೆಯಲ್ಲೇ ಸಂಧಿ, ಸಮಾಸ ಬರೆಯಬೇಕು. ಪಾಠ ಬೇಸರವಾದಾಗ ಆ ಗುಜರಾತಿ ಅಕ್ಷರ ನೋಡುತ್ತ ಕೂತವರು ಒಂದು ದಿನ ಮೂಳ್ಜಿ ಜೇಠಾ ಮಾರ್ಕೆಟಿನಲ್ಲಿ ಅಂಗಡಿಯ ಬೋರ್ಡು ಓದಿಬಿಟ್ಟರಂತೆ.

ಮನೆಮಾತು ತುಳು, ಅಡುಗೆಮನೆಯಲ್ಲಿ ಹಿಂದಿ, ಗಿರಾಕಿಯ ಜೊತೆ ಮರಾಠಿ, ಪುಸ್ತಕದಲ್ಲಿ ಕನ್ನಡ. ಆ ಕನ್ನಡವೂ ಒಂದೇ ಬಗೆಯದಲ್ಲ. ಧಾರವಾಡ, ಬೆಳಗಾವಿ, ಕಾರವಾರ 1956ರವರೆಗೆ ಬೊಂಬಾಯಿ ರಾಜ್ಯದಲ್ಲಿದ್ದವು. ಕಾಪು, ಉಡುಪಿ, ಮಂಗಳೂರು ಮದ್ರಾಸು ರಾಜ್ಯದಲ್ಲಿ. ಹಾಗಾಗಿ ಮಾಸ್ಟ್ರು ಧಾರವಾಡದ ಕಡೆಯವರು. ‘ಯಾಕ ತಡಾ ಆತು?’ ಎಂದು ಅವರು ಕೇಳಿದರೆ, ತಡ ಮಾಡಿದವನಿಗೆ ಬೈಗುಳವೋ ಪ್ರೀತಿಯೋ ತಿಳಿಯಲು ತಿಂಗಳು ಬೇಕಾಯಿತು. ಆ ಮಾಸ್ಟ್ರದೊಂದು ಪದ್ಧತಿಯಿತ್ತು. ಮೊದಲ ಹತ್ತು ನಿಮಿಷ ತೂಕಡಿಸುವವರನ್ನು ಎಬ್ಬಿಸುತ್ತಿರಲಿಲ್ಲ. ಬೆಳಗಿನ ನಾಲ್ಕಕ್ಕೆ ಎದ್ದು ಹಿಟ್ಟು ರುಬ್ಬಿದ ಹುಡುಗರು. ಹಾಜರಿಯನ್ನು ಕಡೆಗೆ ಕರೆಯುತ್ತಿದ್ದರು.

ಪಾಠ ಆರೂವರೆಯಿಂದ ಒಂಬತ್ತೂವರೆವರೆಗೆ. ಮೂರೇ ಗಂಟೆ. ಪರೀಕ್ಷೆ ಮಾತ್ರ ಹಗಲು ಶಾಲೆಯವರದೇ, ಪ್ರಶ್ನೆಪತ್ರಿಕೆಯೂ ಅದೇ. ಆಗ ಮೆಟ್ರಿಕ್ ಹನ್ನೊಂದನೇ ಕ್ಲಾಸಿಗೆ. ಹೋಟೆಲಿಗೆ ಹಿಂದಿರುಗಿದರೆ ಭಟ್ಟರು ಮುಚ್ಚಿಟ್ಟ ಅನ್ನ, ಅದಾದ ಮೇಲೆ ತೊಳೆಯಲು ಪಾತ್ರೆಯ ರಾಶಿ. ಎಲ್ಲ ಮುಗಿದು ಬಾಗಿಲು ಎಳೆದರೆ ದೀಪವೂ ಆರುತ್ತಿತ್ತು, ಕರೆಂಟಿನ ಬಿಲ್ಲು ಧಣಿಗೆ ಚಿಂತೆ. ಆಗ ಹಾರ್ನ್‌ಬಿ ರೋಡು ಎನ್ನುತ್ತಿದ್ದ, ಈಗಿನ ದಾದಾಭಾಯಿ ನವರೋಜಿ ರಸ್ತೆಯ ಕಮಾನುಗಳ ಕೆಳಗೆ ದೀಪ ಉರಿಯುತ್ತಿತ್ತು. ಕಂಬಕ್ಕೊಬ್ಬರಂತೆ ಹೋಟೆಲ್ ಹುಡುಗರು ಕೂತು ಓದುತ್ತಿದ್ದರು. ಗಸ್ತಿನ ಪೊಲೀಸರು ಮೊದಮೊದಲು ಎಬ್ಬಿಸಿ ಓಡಿಸಿದರೂ, ಮಾರ್ಚಿನ ಪರೀಕ್ಷೆ ಹತ್ತಿರ ಬಂದಂತೆ ಸುಮ್ಮನಾದರು.

ಮೆಟ್ರಿಕ್ ಪಾಸಾಗಿ ಬ್ಯಾಂಕ್ ಸೇರಿದ ಮೇಲೆ ಇವರೂ ಅದೇ ಶಾಲೆಗೆ ಗಣಿತ ಹೇಳಿಕೊಡಲು ಹೋದರು. ಹಗಲು ಬ್ಯಾಂಕು, ಸಂಜೆ ಶಾಲೆ. ಹಾಗೆ ತಿರುಗಿ ಬಂದ ಹಳೆಯ ವಿದ್ಯಾರ್ಥಿಗಳಿಂದಲೇ ಶಾಲೆಯ ಅರ್ಧ ಪಾಠ ನಡೆಯುತ್ತಿತ್ತು. ಶಿವಸೇನೆ 1966ರಲ್ಲಿ ಹುಟ್ಟಿದ ಮೇಲಿನ ಕೆಲವು ವರ್ಷ ದಕ್ಷಿಣದವರ ವಿರುದ್ಧ ಘೋಷಣೆ, ಉಡುಪಿ ಹೋಟೆಲುಗಳ ಮೇಲೆ ದಾಳಿ ನಡೆದವು. ಆ ದಿನಗಳಲ್ಲಿ ಶಾಲೆಯ ಮರಾಠಿ ಸಿಪಾಯಿ, ರತ್ನಾಗಿರಿ ಕಡೆಯವನು, ಒಂಬತ್ತೂವರೆಗೆ ಗೇಟು ತೆಗೆಯುವ ಮೊದಲು ತಾನೇ ಹೊರಗೆ ಹೋಗಿ ಬೀದಿಯ ಎರಡೂ ತುದಿ ನೋಡಿ ಬರುತ್ತಿದ್ದ. ಹುಡುಗರನ್ನು ಗುಂಪು ಮಾಡಿ, ಮುಂದೆ ತಾನು ನಡೆದು, ಒಂದೊಂದು ಹೋಟೆಲಿಗೂ ಬಿಟ್ಟು ಬರುತ್ತಿದ್ದ. ‘ಅವನಿಗೆ ಯಾರೂ ಹೇಳಿರ್ಲಿಲ್ಲ’ ಎಂದರು ಹಿರಿಯರು. ಮುಂಬೈಯನ್ನು ಬೈಯುವವರಿಗೂ ಹೊಗಳುವವರಿಗೂ ಈ ಸಿಪಾಯಿಯ ವಿಷಯ ತಿಳಿದಿರಲಿ ಎಂದು ನನ್ನ ಆಸೆ. ಗಡಿಯ ಜಗಳ ಎಷ್ಟೇ ಕಾವೇರಿದರೂ ಮಹಾರಾಷ್ಟ್ರದ ಬಾಲಭಾರತಿ ಕನ್ನಡ ಪಠ್ಯಪುಸ್ತಕ ಅಚ್ಚು ಹಾಕುವುದನ್ನು ಬಿಟ್ಟಿಲ್ಲ. ಎಂಟು ಭಾಷೆಗಳಲ್ಲಿ ಶಾಲೆ ನಡೆಸುವ ಮುಂಬೈ ಪಾಲಿಕೆಯ ಪಟ್ಟಿಯಲ್ಲಿ ಕನ್ನಡವೂ ಇದೆ.

ಕನ್ನಡ ರಾತ್ರಿ ಶಾಲೆಗಳು ಮಾತ್ರ ಒಂದೊಂದಾಗಿ ಬಡವಾದವು. ಇದರಲ್ಲಿ ದುಃಖಪಡುವಂಥದ್ದು ಎಷ್ಟಿದೆಯೋ ಸಂತೋಷಪಡುವಂಥದ್ದೂ ಅಷ್ಟೇ ಇದೆ. ಹನ್ನೆರಡು ವರ್ಷದ ಮಗುವನ್ನು ಹಡಗು ಹತ್ತಿಸುವ ಬಡತನ ಕರಾವಳಿಯಲ್ಲಿ ಈಗಿಲ್ಲ. ಹದಿನಾಲ್ಕರ ಒಳಗಿನವರನ್ನು ಹೋಟೆಲುಗಳಲ್ಲಿ ದುಡಿಸಬಾರದೆಂದು 2006ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ನಿಷೇಧ ತಂದಿತು, ತರಬೇಕಾದದ್ದೇ. ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗುವ ಹೊತ್ತಿಗೆ ಊರಿನ ಹುಡುಗರು ಡಿಗ್ರಿ ಮುಗಿಸಿಯೇ ಅದನ್ನು ಹತ್ತುತ್ತಿದ್ದರು, ಇಲ್ಲವೇ ಕೊಲ್ಲಿ ದೇಶದ ವಿಮಾನ. ಇಲ್ಲೇ ಹುಟ್ಟಿದವರಿಗೆ ಇಂಗ್ಲಿಷ್ ಶಾಲೆ. ಬೆಂಚು ತುಂಬುವವರಿಲ್ಲದೆ ತರಗತಿಗಳು ನಿಂತವು. ಹಿರಿಯರಿಗೆ ಬೇಸರವಿರುವುದು ತರಗತಿ ನಿಂತದ್ದಕ್ಕಲ್ಲ, ರಿಜಿಸ್ಟರುಗಳು ಕಾಣೆಯಾದದ್ದಕ್ಕೆ. ತಾವು ನಕಲು ಮಾಡಿದ ಪುಸ್ತಕ ಹುಡುಕಿಕೊಂಡು ಹೋದಾಗ, ಕಟ್ಟಡ ದುರಸ್ತಿಯ ವೇಳೆ ಹಳೆಯ ಕಾಗದವನ್ನೆಲ್ಲ ರದ್ದಿಗೆ ಹಾಕಿದರೆಂಬ ಉತ್ತರ ಸಿಕ್ಕಿತು. ಉಳಿದ ಶಾಲೆಗಳ ಕಪಾಟುಗಳಲ್ಲಿ ಇನ್ನೂ ಇರುವುದನ್ನಾದರೂ ಯಾರಾದರೂ ಫೋಟೊ ತೆಗೆದಿಟ್ಟರೆ ಒಳ್ಳೆಯದು. ಮುಂಬೈ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ, ಮಾಹಿಮಿನಲ್ಲಿ ಕರ್ನಾಟಕ ಸಂಘವಿದೆ, ಮಾಟುಂಗದಲ್ಲಿ 1926ರಿಂದ ಮೈಸೂರು ಅಸೋಸಿಯೇಶನ್ ಇದೆ. ಕಷ್ಟದ ಕೆಲಸವೇನೂ ಅಲ್ಲ, ಆದರೆ ಬೇಗ ಆಗಬೇಕು.

ಮಾತಾಡುತ್ತ ನಾವು ಕೂತಿದ್ದ ಹೋಟೆಲಿನ ಧಣಿ ಉಡುಪಿಯವರೇ. ಚಹಾ ತಂದಿಟ್ಟ ಹುಡುಗ ಒಡಿಶಾದ ಗಂಜಾಂ ಜಿಲ್ಲೆಯವನು, ವಯಸ್ಸು ಹತ್ತೊಂಬತ್ತು. ಈಗ ಮುಂಬೈಯ ಉಡುಪಿ ಹೋಟೆಲುಗಳಲ್ಲಿ ದೋಸೆ ಹೊಯ್ಯುವವರು, ಟೇಬಲ್ ಒರೆಸುವವರು ಹೆಚ್ಚಾಗಿ ಒಡಿಶಾ, ಬಂಗಾಳ, ಉತ್ತರ ಪ್ರದೇಶ, ನೇಪಾಳದವರು. ಎಷ್ಟು ಓದಿದ್ದೀ ಎಂದು ಹಿರಿಯರು ಹಿಂದಿಯಲ್ಲಿ ಕೇಳಿದರು. ಎಂಟರವರೆಗೆ, ಒಡಿಯಾದಲ್ಲಿ. ಪಾಲಿಕೆಯ ಎಂಟು ಭಾಷೆಗಳಲ್ಲಿ ಒಡಿಯಾ ಇಲ್ಲ. ಹಿಂದಿ ಮಾಧ್ಯಮದ ರಾತ್ರಿ ಶಾಲೆಗಳಿವೆ, ಎರಡು ವರ್ಷ ಕಷ್ಟಪಟ್ಟರೆ ಎಸ್ಸೆಸ್ಸಿ ಆಗುತ್ತದೆ ಎಂದು ಹಿರಿಯರು ವಿವರಿಸಿದರು. ಹುಡುಗ ಖಾಲಿ ಲೋಟ ಎತ್ತಿಕೊಂಡು ನಿಂತೇ ಕೇಳಿದ: ಧಣಿಯ ಹತ್ತಿರ ನೀವೇ ಹೇಳ್ತೀರಾ?

ಹೇಳುತ್ತೇನೆ ಎಂದರು. ಬೀದಿ ಹಂಚಿಕೊಂಡು ತಿರುಗುತ್ತಿದ್ದ ಮಾಸ್ಟ್ರುಗಳ ಪೈಕಿ ಈಗ ಉಳಿದವರು ತಾನೊಬ್ಬನೇ ಎಂದು ನನ್ನ ಕಡೆ ತಿರುಗಿ ಹೇಳಿದರು. ಮೊಣಕಾಲು ಬಗ್ಗುವುದಿಲ್ಲ, ಮಾಟುಂಗ ಬಿಟ್ಟು ಹೊರಗೆ ಹೋಗುವುದೂ ಕಡಿಮೆ. ಪ್ರವೇಶ ಶುರುವಾಗುವುದು ಜೂನಿನಲ್ಲಿ. ಅಷ್ಟರೊಳಗೆ ಒಂದು ಮಧ್ಯಾಹ್ನ, ಮೂರು ಗಂಟೆಯ ನಂತರ, ಬಂದು ಧಣಿಯ ಎದುರು ಕೂರುವುದೆಂದು ಅವರು ನಿಶ್ಚಯಿಸಿದ್ದಾರೆ.