ಯಂತ್ರ ನಮ್ಮದು, ಹೆಸರು ಅವರದು

ಹಳೆಯ ವಸ್ತುವನ್ನು ಕೊಂಡು ಬಳಸುವುದು ನಮ್ಮ ಮನೆತನಗಳಿಗೆ ಹೊಸದಲ್ಲ. ತಾಮ್ರದ ಹಂಡೆ, ತೇಗದ ಕಪಾಟು, ಎತ್ತಿನ ಬಂಡಿ ಇವೆಲ್ಲ ಕೈಯಿಂದ ಕೈಗೆ ಬಂದವುಗಳೇ. ಹಂಡೆಯ ಕಂಠದ ಮೇಲೆ ಮೊದಲಿನ ಮನೆಯವರ ಹೆಸರು ಕೊರೆದಿದ್ದರೆ ಅದರಲ್ಲಿ ಕಾಯುವ ನೀರಿಗೇನೂ ಬಾಧಕವಿಲ್ಲ. ಅದೂ ಅಲ್ಲದೆ ನಾವು ಹಸ್ತಪ್ರತಿಗಳ ನಡುವೆ ಆಯುಷ್ಯ ಕಳೆದವರು. ಓಲೆಗರಿಯ ಕಟ್ಟಿನ ಕೊನೆಯಲ್ಲಿ ಪ್ರತಿ ಮಾಡಿದವರ, ಮಾಡಿಸಿದವರ ಹೆಸರು ದೊರೆತರೆ ಸಂತೋಷಪಡುವುದು, ಅದನ್ನು ಕಾಪಾಡುವುದು ನಮಗೆ ರೂಢಿ. ಆದುದರಿಂದ ಕಳೆದ ಮಳೆಗಾಲದಲ್ಲಿ ಕೊಂಡ ಹಳೆಯ ಲ್ಯಾಪ್‌ಟಾಪಿನ ತೆರೆಯ ಮೇಲೆ ಅಪರಿಚಿತ ಹೆಣ್ಣುಮಗಳೊಬ್ಬಳ ಹೆಸರೂ ಭಾವಚಿತ್ರವೂ ಮೂಡಿದಾಗ ನಮಗೆ ಅದರಲ್ಲಿ ದೋಷವೇನೂ ಕಾಣಲಿಲ್ಲ. ಅದು ನಮ್ಮ ತಿಳಿವಳಿಕೆಯ ದೋಷ. ಅದರಿಂದ ಕಲಿತದ್ದನ್ನು ಓದುಗರ ಮುಂದಿಡುವುದೇ ಈ ಬರಹದ ಉದ್ದೇಶ.

ಕಣ್ಣು ಮಂಜಾಗುತ್ತಿರುವ ಈ ವಯಸ್ಸಿನಲ್ಲಿ ಅಕ್ಷರವನ್ನು ದೊಡ್ಡದಾಗಿಸಿಕೊಂಡು ಬರೆಯಲು ಗಣಕಯಂತ್ರವೊಂದು ಬೇಕಾಗಿತ್ತು. ಹೊಸದಕ್ಕೆ ಹಣ ಸಾಲದು. ನಮ್ಮ ತಮ್ಮನ ಮಗ ಹುಬ್ಬಳ್ಳಿಯ ಅಂಗಡಿಯೊಂದರಿಂದ ಬಳಸಿದ ಯಂತ್ರವನ್ನು ತಂದುಕೊಟ್ಟ. ಅಂಗಡಿಯವರು ಯಂತ್ರವನ್ನು ತೆರೆಯುವ ನಾಲ್ಕು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಅವನ್ನು ಒತ್ತಿದೆವು, ಬಾಗಿಲು ತೆರೆಯಿತು. ಎರಡು ದಿನ ನೆಮ್ಮದಿಯಿಂದ ಕುಳಿತು ಒಂದು ಲೇಖನವನ್ನೂ, ಅದರ ಜೊತೆಗೆ ಸಂಪಾದಕರಿಗೆ ನಮ್ಮ ವಿಳಾಸ, ದೂರವಾಣಿ ಸಹಿತವಾದ ಪತ್ರವನ್ನೂ ಬರೆದೆವು.

ಮೂರನೆಯ ದಿನ ದೂರವಾಣಿ ಬಂದಿತು. ಅತ್ತಲಿಂದ ಹೆಣ್ಣುಮಗಳ ಧ್ವನಿ. "ನಮಸ್ಕಾರ್ರೀ ಗುರುಗಳ, ನೀವು ಬರದ ಲೇಖನ ನನ್ನ ಮೊಬೈಲಿನ್ಯಾಗ ಬಂದೈತ್ರಿ. ಇದು ಹೆಂಗಂತ ತಿಳೀವಲ್ದು. ನನ್ನ ಹಳೇ ಲ್ಯಾಪ್‌ಟಾಪ್ ನಿಮ್ಮಂತ್ಯಾಕ ಐತೇನ್ರಿ?" ತೆರೆಯ ಮೇಲಿನ ಹೆಸರಿನವಳೇ ಆಕೆ. ನಾವು ಬರೆದ ಅಕ್ಷರಗಳು ನಮ್ಮ ಮೇಜಿನಿಂದ ನಮಗೆ ತಿಳಿಯದಂತೆಯೇ ಆಕೆಯ ಕೈಗೆ ಹೋಗಿ ಸೇರಿದ್ದವು.

ಇದು ಹೇಗಾಯಿತೆಂಬುದನ್ನು ನಮ್ಮ ತಮ್ಮನ ಮಗ ವಿವರಿಸಿದ. ಈಗಿನ ಗಣಕಯಂತ್ರದ ಖಾತೆಯೆಂದರೆ ಬರಿಯ ಹೆಸರಿನ ಫಲಕವಲ್ಲ. ವಿಂಡೋಸ್ ಯಂತ್ರಗಳಲ್ಲಿ ಅದು ಬಹುಪಾಲು ಮೈಕ್ರೋಸಾಫ್ಟ್ ಖಾತೆಯಾಗಿದ್ದು, ಅಂತರಜಾಲದ ಮೂಲಕ ಒನ್‌ಡ್ರೈವ್ ಎಂಬ ದೂರದ ಉಗ್ರಾಣಕ್ಕೆ ಜೋಡಿಸಲ್ಪಟ್ಟಿರುತ್ತದೆ. ಹಾಗೆ ವ್ಯವಸ್ಥೆಗೊಳಿಸಿದ್ದರೆ, ಡಾಕ್ಯುಮೆಂಟ್ಸ್ ಕೋಶದಲ್ಲಿ ನಾವಿಡುವ ಪ್ರತಿಯೊಂದು ಬರಹವೂ ಆ ಉಗ್ರಾಣಕ್ಕೆ ತಾನಾಗಿಯೇ ಹೋಗುತ್ತದೆ. ಆ ಖಾತೆಯುಳ್ಳವರ ಎಲ್ಲ ಸಾಧನಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಮಾತ್ರವಲ್ಲ, ಯಂತ್ರವಿರುವ ಸ್ಥಳವನ್ನು ಹುಡುಕುವ ಅನುಕೂಲವನ್ನು ಮೊದಲಿನವರು ತೆರೆದಿಟ್ಟಿದ್ದರೆ, ಯಂತ್ರ ಎಲ್ಲಿದೆ ಎಂಬುದನ್ನೂ ಅವರು ನೋಡಬಲ್ಲರು.

ಇದು ನಮ್ಮ ಕಡೆಯ ಅಪಾಯ. ಅವರ ಕಡೆಯದು ಇನ್ನೂ ದೊಡ್ಡದು. ಜಾಲ ವೀಕ್ಷಣೆಯ ತಂತ್ರಾಂಶದಲ್ಲಿ ಆಕೆಯ ಅಂಚೆಪೆಟ್ಟಿಗೆ ತೆರೆದೇ ಇತ್ತು. ಉಳಿಸಿಟ್ಟ ಪಾಸ್‌ವರ್ಡುಗಳು, ಆಧಾರ್ ಪತ್ರದ ಪ್ರತಿ, ಬ್ಯಾಂಕಿನ ಪುಸ್ತಕದ ಚಿತ್ರ, ಪದವಿಯ ಪ್ರಮಾಣಪತ್ರ ಎಲ್ಲವೂ ಅಲ್ಲಿಯೇ ಇದ್ದವು. ದುರ್ಬುದ್ಧಿಯವರ ಕೈಗೆ ಆ ಯಂತ್ರ ಸಿಕ್ಕಿದ್ದರೆ ಏನಾಗುತ್ತಿತ್ತು? ನಾವು ಹಣ ಕೊಟ್ಟದ್ದು ಯಂತ್ರಕ್ಕೆ. ಅದರೊಳಗೆ ಉಳಿದ ಒಬ್ಬರ ಬದುಕಿಗಲ್ಲ. ಹಳೆಯ ಮನೆಯನ್ನು ಕೊಂಡವರು ಅಟ್ಟದ ಮೇಲೆ ಉಳಿದ ಪೆಟ್ಟಿಗೆಯನ್ನು ತೆರೆದು ಓದುವುದಿಲ್ಲ, ಮೊದಲಿನವರಿಗೆ ಹೇಳಿಕಳುಹಿಸುತ್ತಾರೆ. ಇನ್ನೊಬ್ಬರ ಪಾಸ್‌ವರ್ಡನ್ನು ಅಪ್ರಾಮಾಣಿಕವಾಗಿ ಬಳಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66-ಸಿ ಕಲಮಿನಂತೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದಾದ ಅಪರಾಧ. ಆದರೆ ಕಾಯಿದೆಗಿಂತ ಮೊದಲು ಮರ್ಯಾದೆಯೇ ಇದನ್ನು ನಿಷೇಧಿಸುತ್ತದೆ.

"ಹಾಗಾದರೆ ಈಗಲೇ ಎಲ್ಲವನ್ನೂ ಅಳಿಸಿಬಿಡೋಣ ದೊಡ್ಡಪ್ಪಾ" ಎಂದು ಹುಡುಗ ಕೈಹಾಕಿದ. ನಾವು ತಡೆದೆವು. ತಡೆದದ್ದು ಒಳಿತೇ ಆಯಿತು. ಆ ಹೆಣ್ಣುಮಗಳು ದೂರವಾಣಿಯಲ್ಲಿ ಸ್ವಲ್ಪ ಹೊತ್ತು ಮಾತು ನಿಲ್ಲಿಸಿ, ಆಮೇಲೆ ಕೇಳಿದಳು: "ಡಿ ಡ್ರೈವಿನ್ಯಾಗ ಅವ್ವನ ಹಾಡು ಅನ್ನೂದೊಂದು ಫೋಲ್ಡರ್ ಐತೇನ್ ನೋಡ್ತೀರೇನ್ರಿ?" ಇತ್ತು. ಆಕೆಯ ತಾಯಿ ತೀರಿಕೊಂಡು ಎರಡು ವರ್ಷ. ಬೀಸುವಾಗ, ತೊಟ್ಟಿಲು ತೂಗುವಾಗ ಆ ತಾಯಿ ಹಾಡುತ್ತಿದ್ದ ಹಾಡುಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಇಲ್ಲಿಗೆ ವರ್ಗಾಯಿಸಿದ್ದಳಂತೆ. ಆ ಮೊಬೈಲು ಕೆಟ್ಟುಹೋಯಿತು. ಲ್ಯಾಪ್‌ಟಾಪನ್ನು ಮಾರುವಾಗ ಮನೆಯವರು ಡಾಕ್ಯುಮೆಂಟ್ಸ್ ಕೋಶವನ್ನಷ್ಟೇ ನಕಲು ಮಾಡಿಕೊಂಡರು. ಡಿ ಡ್ರೈವನ್ನು ಮರೆತರು. ಒನ್‌ಡ್ರೈವ್ ತಾನಾಗಿ ನೋಡಿಕೊಂಡ ಕೋಶಗಳಲ್ಲಿ ಅದು ಸೇರಿರಲಿಲ್ಲ. ಅಂಗಡಿಯವರು ಎಲ್ಲವನ್ನೂ ಅಳಿಸಿರುತ್ತಾರೆಂದು ನಂಬಿ ಆಕೆ ಆಸೆ ಬಿಟ್ಟಿದ್ದಳು. ಅಂಗಡಿಯವರ ಉದಾಸೀನವೇ ಇಲ್ಲಿ ಆಕೆಯ ಪಾಲಿನ ಭಾಗ್ಯವಾಯಿತು. ಆದರೆ ಭಾಗ್ಯವನ್ನು ನೆಚ್ಚಿ ವ್ಯವಹಾರ ಮಾಡಲಾಗದು.

ಬರುವ ಭಾನುವಾರವೇ ಆಕೆ ತಮ್ಮನನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಳು. ಯಂತ್ರವನ್ನು ಆಕೆಯ ಮುಂದಿಟ್ಟು ನಾವು ಪಡಸಾಲೆಗೆ ಬಂದು ಕುಳಿತೆವು. ಒಳಗಿನಿಂದ ವೃದ್ಧೆಯೊಬ್ಬಳ ಹಾಡಿನ ಧ್ವನಿ ಕೇಳಿಬಂದು, ನಡುವೆ ನಿಂತುಹೋಯಿತು. ನಾವು ಏನನ್ನೂ ಕೇಳಲಿಲ್ಲ. ಹಾಡುಗಳನ್ನು ಎರಡು ಪೆನ್‌ಡ್ರೈವುಗಳಿಗೆ ನಕಲು ಮಾಡಿಕೊಂಡು, ಎರಡನ್ನೂ ತೆರೆದು ಕೇಳಿ ಖಾತ್ರಿ ಮಾಡಿಕೊಂಡ ಮೇಲೆ, ಅಳಿಸುವ ಕೆಲಸವನ್ನು ಆಕೆಯ ಕೈಯಿಂದಲೇ ಮಾಡಿಸಿದೆವು. ಅದರ ಕ್ರಮವನ್ನು ಓದುಗರ ಉಪಯೋಗಕ್ಕಾಗಿ ಹೇಳುತ್ತೇವೆ.

ಮೊದಲನೆಯದಾಗಿ, ಒಂದೊಂದೇ ಕಡತವನ್ನು ಆರಿಸಿ ಅಳಿಸಲು ಹೋಗಬಾರದು. ಖಾತೆ ಜೋಡಣೆಯಲ್ಲಿರುವಾಗ ಒನ್‌ಡ್ರೈವ್ ಕೋಶದಿಂದ ಅಳಿಸಿದ್ದು ದೂರದ ಉಗ್ರಾಣದಿಂದಲೂ, ಮೊದಲಿನವರ ಮೊಬೈಲಿನಿಂದಲೂ ಮಾಯವಾಗುತ್ತದೆ. ನಮಗೆ ಕಸವೆನಿಸಿದ್ದು ಅವರ ಸರ್ವಸ್ವವಾಗಿರಬಹುದು. ಹಳೆಯ ಖಾತೆಯನ್ನು ಹಾಗೆಯೇ ಬಿಟ್ಟು ಪಕ್ಕದಲ್ಲಿ ನಮ್ಮದೊಂದನ್ನು ತೆರೆಯುವುದೂ ಸಲ್ಲದು. ಯಂತ್ರದ ಯಜಮಾನಿಕೆಯ ಅಧಿಕಾರ ಹಳೆಯ ಖಾತೆಯಲ್ಲಿಯೇ ಉಳಿದಿರುತ್ತದೆ.

ಎರಡನೆಯದಾಗಿ, ಮೊದಲಿನವರು ತಮಗೆ ಬೇಕಾದುದನ್ನು ತೆಗೆದುಕೊಂಡ ಮೇಲೆ ಖಾತೆಯಿಂದ ಹೊರಬಂದು, ತಮ್ಮ ಮೈಕ್ರೋಸಾಫ್ಟ್ ಖಾತೆಯ ಸಾಧನಗಳ ಪಟ್ಟಿಯಿಂದ ಈ ಯಂತ್ರವನ್ನು ತೆಗೆದುಹಾಕಬೇಕು.

ಮೂರನೆಯದಾಗಿ, ವಿದ್ಯುತ್ತಿನ ಸಂಪರ್ಕವನ್ನು ಜೋಡಿಸಿಟ್ಟು, ಸೆಟ್ಟಿಂಗ್ಸ್‌ನಲ್ಲಿ ರಿಕವರಿ ಎಂಬಲ್ಲಿಗೆ ಹೋಗಿ, ಯಂತ್ರವನ್ನು ರೀಸೆಟ್ ಮಾಡುವ ಆಯ್ಕೆಯನ್ನು ಒತ್ತಬೇಕು. ಕಡತಗಳನ್ನು ಉಳಿಸಬೇಕೆ, ಎಲ್ಲವನ್ನೂ ತೆಗೆಯಬೇಕೆ ಎಂದು ಯಂತ್ರ ಕೇಳುತ್ತದೆ. ಎಲ್ಲವನ್ನೂ ತೆಗೆಯುವುದನ್ನೇ ಆರಿಸಬೇಕು. ಡಿಸ್ಕನ್ನು ಶುದ್ಧಗೊಳಿಸುವ ಆಯ್ಕೆಯನ್ನೂ, ಡಿ ಡ್ರೈವ್ ಇದ್ದರೆ ಎಲ್ಲ ಡ್ರೈವುಗಳನ್ನು ಅಳಿಸುವ ಆಯ್ಕೆಯನ್ನೂ ಸೇರಿಸಿಕೊಳ್ಳಬೇಕು. ಇದಕ್ಕೆ ಕೆಲವು ಗಂಟೆಗಳೇ ಹಿಡಿಯಬಹುದು. ವಿಂಡೋಸ್‌ನ ಡಿಜಿಟಲ್ ಪರವಾನಗಿ ಸಾಮಾನ್ಯವಾಗಿ ಯಂತ್ರಕ್ಕೇ ಅಂಟಿಕೊಂಡಿರುವುದರಿಂದ ಮತ್ತೆ ಹಣ ತೆರಬೇಕಾಗಿಲ್ಲ. ಮೊದಲಿನವರ ಖಾತೆಗೆ ಸೇರಿದ ತಂತ್ರಾಂಶಗಳು ಮಾತ್ರ ಅವರೊಡನೆಯೇ ಹೋಗುತ್ತವೆ.

ಬರಿಯ ಅಳಿಸುವಿಕೆಗೂ ಶುದ್ಧಗೊಳಿಸುವಿಕೆಗೂ ಇರುವ ಅಂತರವನ್ನು ನಾವು ಗ್ರಂಥಾಲಯದ ಮಾತಿನಲ್ಲಿ ಹೀಗೆ ತಿಳಿದುಕೊಂಡೆವು. ಹಳೆಯ ಮಾದರಿಯ ಹಾರ್ಡ್ ಡಿಸ್ಕಿನಲ್ಲಿ ಕಡತವನ್ನು ಅಳಿಸುವುದೆಂದರೆ ಸೂಚಿಯ ಚೀಟಿಯನ್ನು ಹರಿದಂತೆ. ಪುಸ್ತಕ ಕಪಾಟಿನಲ್ಲಿಯೇ ಇರುತ್ತದೆ, ಬಲ್ಲವರು ಹುಡುಕಿ ತೆಗೆಯುತ್ತಾರೆ. ಅಮೆರಿಕೆಯ ಎಂ.ಐ.ಟಿ. ಸಂಸ್ಥೆಯ ಸಿಮ್ಸನ್ ಗಾರ್ಫಿಂಕಲ್ ಮತ್ತು ಅಭಿ ಶೆಲಾಟ್ ಎಂಬಿಬ್ಬರು 158 ಹಳೆಯ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ, ಫಲಿತಾಂಶವನ್ನು 2003ರಲ್ಲಿ ಪ್ರಕಟಿಸಿದರು. ಓದಲು ಬಂದ 129 ಡಿಸ್ಕುಗಳಲ್ಲಿ ಸರಿಯಾಗಿ ಶುದ್ಧವಾಗಿದ್ದವು 12 ಮಾತ್ರ. ಉಳಿದವುಗಳಲ್ಲಿ ಕ್ರೆಡಿಟ್ ಕಾರ್ಡಿನ ಸಂಖ್ಯೆಗಳು, ರೋಗಿಗಳ ದಾಖಲೆಗಳು, ಖಾಸಗಿ ಪತ್ರಗಳು ದೊರೆತವು.

ಕೊಳ್ಳುವವರಿಗೆ ಇನ್ನೆರಡು ಮಾತು. ಪೂರ್ತಿ ರೀಸೆಟ್ ಮಾಡಿದ ಮೇಲೆಯೂ ಯಾವುದಾದರೂ ಕಂಪನಿಯ ಹೆಸರನ್ನು ತೋರಿಸಿ ಅದರ ನೌಕರರ ಗುರುತನ್ನೇ ಕೇಳಿದರೆ, ಆ ಯಂತ್ರ ಇನ್ನೂ ಆ ಕಂಪನಿಯ ಪಟ್ಟಿಯಲ್ಲಿದೆ ಎಂದರ್ಥ. ಆಪಲ್‌ನ ಇತ್ತೀಚಿನ ಯಂತ್ರಗಳಲ್ಲಿ ಆಕ್ಟಿವೇಶನ್ ಲಾಕ್ ಎಂಬ ಬೀಗವಿದ್ದರೆ, ಮೊದಲಿನವರು ತಾವಾಗಿ ಬಿಡಿಸುವವರೆಗೂ ಯಂತ್ರ ನಿಮ್ಮದಾಗದು. ಇಂಥದನ್ನು ಒಡೆಯಲು ಹೋಗದೆ, ಮಾರಿದವರಿಗೆ ಹಿಂದಿರುಗಿಸಿ ಹಣ ಕೇಳಿರಿ. ಅದು ಕಳವಿನ ಮಾಲೂ ಆಗಿರಬಹುದು. ಆದಕಾರಣ ಯಂತ್ರದ ಕ್ರಮಸಂಖ್ಯೆಯನ್ನು ನಮೂದಿಸಿದ ರಸೀದಿಯಿಲ್ಲದೆ ಕೊಳ್ಳಬೇಡಿರಿ. ವಿಂಡೋಸ್ 10ಕ್ಕೆ ಸಾಮಾನ್ಯ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಯಂತ್ರವು ವಿಂಡೋಸ್ 11ನ್ನು ನಡೆಸಬಲ್ಲುದೇ ಎಂಬುದನ್ನೂ ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಮಾರುವವರಿಗೆ ಹೇಳತಕ್ಕದ್ದು ಒಂದೇ. ಅಂಗಡಿಯವರು ಅಳಿಸುತ್ತಾರೆಂದು ನಂಬಬೇಡಿರಿ. ಎಲ್ಲ ಡ್ರೈವುಗಳನ್ನೂ ನೋಡಿ, ಬೇಕಾದುದನ್ನು ನಕಲು ಮಾಡಿಕೊಂಡು, ನೀವೇ ಅಳಿಸಿ ಕೊಡಿರಿ.

ಓಲೆಗರಿಯ ಕೊನೆಯ ಹೆಸರು ಮುಂದಿನವರು ಓದಲೆಂದೇ ಬರೆದದ್ದು. ಅದನ್ನು ಉಳಿಸುವುದು ಧರ್ಮ. ಗಣಕಯಂತ್ರದ ತೆರೆಯ ಮೇಲಿನ ಹೆಸರು ಬದುಕಿರುವವರೊಬ್ಬರ ಮನೆಯ ಬಾಗಿಲು. ಒಡೆಯರನ್ನು ಕೇಳಿ, ಅವರದನ್ನು ಅವರಿಗೆ ಕೊಟ್ಟು, ಅದನ್ನು ಮುಚ್ಚುವುದು ಧರ್ಮ. ಈ ಬರಹವನ್ನು ಅದೇ ಯಂತ್ರದಲ್ಲಿ, ಈಗ ನಮ್ಮ ಹೆಸರಿನ ಖಾತೆಯಲ್ಲಿ ಬರೆದಿದ್ದೇವೆ. ಮೊದಲಿನ ಲೇಖನದ ಪ್ರತಿ ರೀಸೆಟ್ಟಿನಲ್ಲಿ ನಮ್ಮಿಂದ ಹೋಗಿತ್ತು. ಅದನ್ನು ತನ್ನ ಮೊಬೈಲಿನಿಂದ ನಮಗೆ ಮರಳಿ ಕಳುಹಿಸಿಕೊಟ್ಟವಳು ಆ ಹೆಣ್ಣುಮಗಳೇ.