ಕುಲಾವಿಗಿಂತ ಮೊದಲು ಹಳೇ ಪಂಚೆ

ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಬಾರದು ಅಂತಾರೆ ನಮ್ಮತ್ತೆ. ಹೆಂಡತಿಯ ಕಂಟ್ರಾಕ್ಟ್ ಕೆಲಸ ಏಳನೇ ತಿಂಗಳಿಗೆ ಮುಗಿದಿದೆ, ಬಾಣಸವಾಡಿಯ ಬಾಡಿಗೆ ಮನೆ, ಇರೋದು ಒಂದೇ ಸಂಬಳ. ಅತ್ತೆಯ ಮಾತು ಅನುಕೂಲವೇ ಆಯ್ತು! ಆನ್‌ಲೈನಲ್ಲಿ ಆರಿಸಿಟ್ಟಿದ್ದ ದುಬಾರಿ ತೊಟ್ಟಿಲು ಬಿಟ್ಟೆವು.

ಮಾವನ ಎರಡು ಹಳೇ ಕಾಟನ್ ಪಂಚೆ ಬಿಸಿನೀರಲ್ಲಿ ಒಗೆದು, ಬಿಸಿಲಿಗೆ ಒಣಗಿಸಿ ಕತ್ತರಿಸಿದರೆ ಎರಡು ಡಜನ್ ಬಟ್ಟೆ ಲಂಗೋಟಿ. ಅಂಗಿಗಳು ಅಕ್ಕನ ಮನೆಯಿಂದ ಬಂದವು. ದುಡ್ಡು ಹಾಕಿದ್ದು ಸೊಳ್ಳೆಪರದೆಗೆ, ಗಟ್ಟಿ ಹಾಸಿಗೆಗೆ. ಸಾಸಿವೆ ದಿಂಬಿನ ಬಗ್ಗೆ ಅತ್ತೆ ಜೊತೆ ಇನ್ನೂ ವಾದ ನಡೀತಿದೆ. ದಿಂಬಿಲ್ಲದೆ ಅಂಗಾತ ಮಲಗಿಸೋದೇ ಕ್ಷೇಮ ಅಂತಾರೆ ಮಕ್ಕಳ ವೈದ್ಯರು.

ಲಸಿಕೆಗೆ ಸರ್ಕಾರಿ ಆರೋಗ್ಯ ಕೇಂದ್ರ ಕೇಳಿ ನೋಡಿ: ಹುಟ್ಟಿದಾಗಿನ ಬಿಸಿಜಿ, ಪೋಲಿಯೋದಿಂದ 6, 10, 14ನೇ ವಾರದವರೆಗೂ ಉಚಿತ. ಉಳಿದ ಹಣ ಆಸ್ಪತ್ರೆಯ ಅಡ್ವಾನ್ಸಿಗೆ ಎತ್ತಿಟ್ಟಿದ್ದೇವೆ.